ಬೀಳಗಿಯ ದನಿ ಮತ್ತು ನಾವು ಮುಚ್ಚಿಟ್ಟ ಟಾಕೀಸಿನ ಕಥೆ

ಮಂಗಳೂರಿನ ಸಿಟಿ ಬಸ್ಸು ಹತ್ತಿದವರಿಗೆ ಕಂಡಕ್ಟರ್ ‘ಜ್ಯೋತಿ, ಜ್ಯೋತಿ’ ಎಂದು ಕೂಗುವುದು ಹೊಸತಲ್ಲ. ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಆ ಹೆಸರು ಒಂದು ಟಾಕೀಸಿನದ್ದು, ಆ ಟಾಕೀಸು ಈಗ ಇಲ್ಲ ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಟಾಕೀಸು ಹೋಯಿತು, ಸ್ಟಾಪಿನ ಹೆಸರು ಉಳಿಯಿತು. ಅಲ್ಲಿ ಸಿನಿಮಾ ನೋಡಿದವರ ನೆನಪು ಎಲ್ಲಿ ಉಳಿದಿದೆ ಎಂದು ಕೇಳಿದರೆ, ನಮ್ಮ ಬ್ಯಾರಿ ಮನೆಗಳಲ್ಲಿ ಉತ್ತರ ಸಿಗುವುದು ಸ್ವಲ್ಪ ಕಷ್ಟ. ‘ನಾವೆಲ್ಲಾ ಹೋಗ್ತಿರ್ಲಿಲ್ಲ’ ಎಂಬ ಮಾತು ಮೊದಲು ಬರುತ್ತದೆ. ಎರಡನೇ ಸಲ ಚಾ ಕುಡಿಯುವಾಗ ‘ಒಂದೆರಡು ಸಲ ಹೋಗಿದ್ದೆವು’ ಎನ್ನುತ್ತಾರೆ. ಮೂರನೇ ಸಲ ಕೂತರೆ ಇಡೀ ಸಿನಿಮಾದ ಕಥೆಯೇ ಹೊರಬರುತ್ತದೆ ಮಾರಾಯ್ರೇ!

ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಕೂತಿಲ್ಲ. ಆ ಬಗ್ಗೆ ಉಲಮಾಗಳು ಹೇಳುವುದು ಎಲ್ಲರಿಗೂ ಗೊತ್ತು, ಪಾಲಿಸುವವರು ಪಾಲಿಸುತ್ತಾರೆ. ಆದರೆ ನಡೆದದ್ದು ನಡೆದಿದೆ. ಅದನ್ನು ನಡೆದೇ ಇಲ್ಲ ಎಂಬಂತೆ ಮುಚ್ಚಿಟ್ಟರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದೇ ಇಂದಿನ ವಿಷಯ. ಇದಕ್ಕಾಗಿ ಓದುಗರನ್ನು ಘಟ್ಟ ಹತ್ತಿಸಿ, ಉತ್ತರ ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ನಾಲ್ಕು ಊರುಗಳಿಗೆ ಕರೆದೊಯ್ಯಬೇಕಾಗಿದೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಮತ್ತು ಬೀಳಗಿ. ಅಷ್ಟು ದೂರ ಯಾಕೆ ಎಂದು ಕೇಳಬಹುದು. ಈ ನಾಲ್ಕರಲ್ಲಿ ಸಣ್ಣ ಊರಾದ ಬೀಳಗಿಯಲ್ಲಿ ಹುಟ್ಟಿದ ಒಬ್ಬ ಮುಸ್ಲಿಂ ಹೆಣ್ಣುಮಗಳ ದನಿ ಒಂದು ಕಾಲದಲ್ಲಿ ದೇಶದ ಟಾಕೀಸುಗಳನ್ನೆಲ್ಲ ತುಂಬಿತ್ತು. ಅವರ ಹೆಸರಿನದ್ದೇ ಒಂದು ಟಾಕೀಸೂ ಇತ್ತು. ಈ ಕಥೆಗೆ ಅದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ.

ನಾಲ್ಕು ಊರು, ಹಲವು ಆಳ್ವಿಕೆ

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಸ್ವಾತಂತ್ರ್ಯಕ್ಕೆ ಮೊದಲು ಒಂದೇ ಆಳ್ವಿಕೆಯಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ವಿಲೀನವಾದವು, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಈ ರಾಜಕೀಯ ಚರಿತ್ರೆ ಸಿನಿಮಾಕ್ಕೆ ಯಾಕೆ ಬೇಕು ಎಂದರೆ, ಆ ಸೀಮೆಯ ಮುಖ ಬಹುಕಾಲ ಬೆಂಗಳೂರಿನತ್ತ ಇರಲೇ ಇಲ್ಲ. ವ್ಯಾಪಾರಕ್ಕೆ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ. ಓದಿಗೆ ಪುಣೆ, ಹೊಟ್ಟೆಪಾಡಿಗೆ ಮುಂಬೈ. ಕೊಲ್ಹಾಪುರವಂತೂ ಸಿನಿಮಾದ ತವರೇ ಆಗಿತ್ತು. ‘ಪ್ರಭಾತ್’ ಕಂಪೆನಿ 1929ರಲ್ಲಿ ಹುಟ್ಟಿದ್ದು ಅಲ್ಲಿ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಾಗ, ಅದರ ಚಿತ್ರೀಕರಣ ನಡೆದಿದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲೇ. ಹೀಗಾಗಿ ಜಮಖಂಡಿ ಕಡೆಯವರಿಗೆ ಸಿನಿಮಾ ಎಂದರೆ ಮೊದಲು ಹಿಂದಿ, ಆಮೇಲೆ ಮರಾಠಿ, ಕನ್ನಡ ಬಂದದ್ದು ನಿಧಾನಕ್ಕೆ.

ಸಿನಿಮಾ ಬರುವ ಮೊದಲೇ ಅಲ್ಲಿ ರಾತ್ರಿಯಿಡೀ ಕೂತು ನೋಡುವ ಜನ ಇದ್ದರು ಎಂಬುದನ್ನೂ ಹೇಳಬೇಕು. ಶ್ರೀಕೃಷ್ಣ ಪಾರಿಜಾತ ಆ ಸೀಮೆಯ ಆಟ. ಅದನ್ನು ಬೆಳೆಸಿದ ಕುಲಗೋಡ ತಮ್ಮಣ್ಣನವರ ಹೆಸರು, ಅದರಲ್ಲಿ ಮೆರೆದ ಕೌಜಲಗಿ ನಿಂಗಮ್ಮನವರ ಹೆಸರು ಇಂದಿಗೂ ಜನ ಮರೆತಿಲ್ಲ. ನಮಗೆ ಯಕ್ಷಗಾನ ಇದ್ದ ಹಾಗೆ ಅವರಿಗೆ ಪಾರಿಜಾತ. ಜೊತೆಗೆ ಕಂಪೆನಿ ನಾಟಕ, ಜೊತೆಗೆ ಮರಾಠಿ ಸಂಗೀತ ನಾಟಕ. ಹಾಡಿದರೆ ‘ವನ್ಸ್ ಮೋರ್’ ಎಂದು ಕೂಗುವ, ತಾಳ ತಪ್ಪಿದರೆ ಎದ್ದು ಹೋಗುವ ಪ್ರೇಕ್ಷಕರು. ಟಾಕೀಸು ಬಂದಾಗ ಇದೇ ಜನ ಬಂದು ಕೂತರು.

ಬೀಳಗಿಯ ಇಬ್ಬರು ಅಕ್ಕ-ತಂಗಿ

ಬೀಳಗಿಯ ಸಾಧಾರಣ ಮನೆಯೊಂದರಲ್ಲಿ ಹುಟ್ಟಿದ ಸಹೋದರಿಯರಲ್ಲಿ ಇಬ್ಬರು ಹೆಸರು ಮಾಡಿದರು. ಅಕ್ಕ ಗೋಹರ್‌ಬಾಯಿ, ತಂಗಿ ಅಮೀರ್‌ಬಾಯಿ. ಇಬ್ಬರೂ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡರು. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೆ ಹತ್ತಾರು ವರ್ಷ ಮೊದಲೇ ಈ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳು ಆ ಹೆಸರನ್ನು ಮುಂಬೈ, ಪುಣೆಗೆ ಹೊತ್ತೊಯ್ದಿದ್ದರು. ಕನ್ನಡಕ್ಕೂ ಮುಸ್ಲಿಮರಿಗೂ ಏನು ಸಂಬಂಧ ಎಂದು ಕೇಳುವವರು ಇಂದಿಗೂ ಸಿಗುತ್ತಾರೆ. ಅಂಥವರಿಗೆ ಈ ಎರಡು ಹೆಸರು ಹೇಳಿದರೆ ಸಾಕು.

ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿ ಸೇರಿದರು. ಆಗ ಆ ರಂಗಭೂಮಿಯ ದೊರೆ ಬಾಲಗಂಧರ್ವರು. ಸ್ತ್ರೀಪಾತ್ರಕ್ಕೆ ಅವರನ್ನು ಮೀರಿಸುವವರು ಇರಲಿಲ್ಲ. ಅವರು ಉಡುವ ಸೀರೆ, ಮುಡಿಯುವ ಹೂವು ನೋಡಿ ಮರಾಠಿ ಮನೆಗಳ ಹೆಂಗಸರು ಅನುಕರಿಸುತ್ತಿದ್ದರು. ಅಂಥವರ ಕಂಪೆನಿಯಲ್ಲಿ ನಾಯಕಿಯಾಗಿ ನಿಂತವರು ಬೀಳಗಿಯ ಗೋಹರ್. ಮುಂದೆ ಇಬ್ಬರೂ ಬಾಳನ್ನೂ ಹಂಚಿಕೊಂಡರು. ಇದನ್ನು ಆಗಿನ ಹಲವರು ಸಹಿಸಲಿಲ್ಲ, ಗೋಹರ್ ಬಗ್ಗೆ ಕೆಟ್ಟ ಮಾತು ಬಹಳ ಕಾಲ ಉಳಿಯಿತು. ಬಾಲಗಂಧರ್ವರ ಕಷ್ಟದ ದಿನಗಳಲ್ಲಿ ಜೊತೆಗಿದ್ದವರು ಮಾತ್ರ ಅವರೇ.

ತಂಗಿ ಅಮೀರ್‌ಬಾಯಿ ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಹೋದರು. ಮೊದಲು ಗ್ರಾಮಫೋನ್ ತಟ್ಟೆಯಲ್ಲಿ ಕವ್ವಾಲಿ, ಆಮೇಲೆ ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ. 1940ರ ‘ನರಸಿ ಭಗತ್’ ಚಿತ್ರಕ್ಕೆ ನರಸಿ ಮೆಹ್ತಾ ಅವರ ಪ್ರಸಿದ್ಧ ಭಜನೆಯನ್ನು ಹಾಡಿದವರಲ್ಲಿ ಇವರೂ ಒಬ್ಬರು. ಗಾಂಧೀಜಿಗೆ ಪ್ರಿಯವಾದ ಆ ಭಜನೆಗೆ ಬೀಳಗಿಯ ಮುಸ್ಲಿಂ ಹೆಣ್ಣಿನ ದನಿ ಸೇರಿತ್ತು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ಕಲ್ಕತ್ತಾದ ರಾಕ್ಸಿ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರ ಹಾಡುಗಳೇ ಅಮೀರ್‌ಬಾಯಿಯವರನ್ನು ದೇಶದ ಮನೆಮಾತಾಗಿಸಿದವು. ಬ್ರಿಟಿಷರ ಆಳ್ವಿಕೆ ಇನ್ನೂ ಇದ್ದಾಗಲೇ, ಈ ನೆಲ ನಮ್ಮದು ಎಂದು ಸಾರುವ ಹಾಡೊಂದು ಆ ಚಿತ್ರದಲ್ಲಿತ್ತು. ಅದನ್ನೂ ಹಾಡಿದವರು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ. 1948ರಲ್ಲಿ ‘ಶಹನಾಝ್’ ಎಂಬ ಚಿತ್ರಕ್ಕೆ ಅವರು ಸಂಗೀತವನ್ನೂ ಕೊಟ್ಟರು. ಹೆಣ್ಣೊಬ್ಬಳು ಸಂಗೀತ ನಿರ್ದೇಶನ ಮಾಡುವುದು ಆಗ ಬೆರಳೆಣಿಕೆಯ ಮಾತು.

ಬದುಕು ಮಾತ್ರ ಹಾಡಿನಷ್ಟು ಸಲೀಸಾಗಿರಲಿಲ್ಲ. ಹಿಮಾಲಯವಾಲಾ ಎಂಬ ನಟನೊಂದಿಗಿನ ಮದುವೆ ನೋವಿನಲ್ಲೇ ಮುರಿಯಿತು, ಆತ ಪಾಕಿಸ್ತಾನಕ್ಕೆ ಹೋದ. ಹೊಸ ಗಾಯಕಿಯರು ಬಂದಂತೆ ಅವಕಾಶಗಳೂ ಕಡಿಮೆಯಾದವು, ಮತ್ತೆ ಪೋಷಕ ಪಾತ್ರಗಳಿಗೆ ಮರಳಿದರು. 1965ರಲ್ಲಿ ತೀರಿಹೋದರು, ದಫನವಾದದ್ದು ತವರಿನ ಮಣ್ಣಿನಲ್ಲೇ. ಕನ್ನಡದ ಹಿರಿಯ ಲೇಖಕ ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಜೀವನ ಚರಿತ್ರೆ ಬರೆದಿದ್ದಾರೆ. ನಮ್ಮ ಮನೆಗಳಲ್ಲಿ ಇರಬೇಕಾದ ಪುಸ್ತಕ ಅದು.

ಹಾಡಿನ ದುಡ್ಡಿನಿಂದ ಒಂದು ಟಾಕೀಸು

ಬಿಜಾಪುರದಲ್ಲಿ ‘ಅಮೀರ್ ಟಾಕೀಸ್’ ಎಂಬ ಚಿತ್ರಮಂದಿರ ಎದ್ದಿತು. ಅವರು ತೀರಿಹೋದ ಮೇಲೂ ಮನೆಯವರು ಅದನ್ನು ನಡೆಸಿಕೊಂಡು ಬಂದರು. ಸ್ವಲ್ಪ ನಿಂತು ಇದರ ಬೆಲೆ ಲೆಕ್ಕ ಹಾಕೋಣ. ಟಾಕೀಸುಗಳಿಗೆ ದೇವರ ಹೆಸರು, ರಾಜರ ಹೆಸರು, ಮಾಲಕರ ಅಪ್ಪ-ಅಜ್ಜನ ಹೆಸರು ಇಡುವುದು ವಾಡಿಕೆ. ಇಲ್ಲಿ ಒಬ್ಬ ಹೆಣ್ಣಿನ ಹೆಸರು, ಅದೂ ಆಗಿನ ಕಾಲದಲ್ಲಿ ‘ಹಾಡೋರ ಮನೆಯವಳು’ ಎಂದು ಹಗುರವಾಗಿ ನೋಡುತ್ತಿದ್ದ ಹೆಣ್ಣಿನ ಹೆಸರು. ಟಿಕೆಟ್ ತೆಗೆಯುವವನೂ, ಟಾಂಗಾ ಹೊಡೆಯುವವನೂ, ಸಂತೆಗೆ ಬಂದ ರೈತನೂ ದಿನಾ ಆ ಹೆಸರನ್ನು ಬಾಯಲ್ಲಿ ಹೇಳಬೇಕು. ಸಮಾಜ ಮರ್ಯಾದೆ ಕೊಡಲಿ ಎಂದು ಕಾಯುತ್ತಾ ಕೂರದೆ, ಊರ ನಡುವೆ ಹೆಸರನ್ನೇ ನಿಲ್ಲಿಸಿದ ಹಾಗೆ ಅದು.

ಡೇರೆ ಬಂತು, ಟಾಕೀಸು ಬಂತು

ಸಣ್ಣ ಊರುಗಳಿಗೆ ಸಿನಿಮಾ ಮೊದಲು ಬಂದದ್ದು ಡೇರೆಯಲ್ಲಿ. ನಾವು ಟೆಂಟ್ ಎನ್ನುತ್ತೇವೆ, ಅಲ್ಲೂ ಟೂರಿಂಗ್ ಟಾಕೀಸು. ಒಂದು ಪ್ರೊಜೆಕ್ಟರ್, ಒಂದು ಜನರೇಟರ್, ಬಿಳಿ ಬಟ್ಟೆಯ ಪರದೆ. ಬಿಸಿಲಿನ ತಿಂಗಳುಗಳಲ್ಲಿ ಬಂದು, ಮಳೆ ಹಿಡಿಯುವ ಮೊದಲು ಎತ್ತಿಕೊಂಡು ಹೋಗುವುದು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಸಂಜೆ ಲೌಡ್‌ಸ್ಪೀಕರಿನಲ್ಲಿ ಹಾಡು ಶುರುವಾದರೆ ಹಳ್ಳಿಗಳಿಂದ ಚಕ್ಕಡಿ ಹೊರಡುತ್ತಿದ್ದವು. ಆ ಹಾಡು ನಿಂತಿತೆಂದರೆ ಆಟ ಶುರುವಾಯಿತು ಎಂದರ್ಥ, ದಾರಿಯಲ್ಲಿದ್ದವರು ಓಡಬೇಕು.

ಒಂದು ಸಾವಿರ ಅಡಿಯ ರೀಲು ಓಡುವುದು ಹನ್ನೊಂದು ನಿಮಿಷ. ಮೂರು ತಾಸಿನ ಹಿಂದಿ ಸಿನಿಮಾ ಎಂದರೆ ಹದಿನಾರು, ಹದಿನೇಳು ರೀಲು. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಬದಲಿಸುವಾಗಲೆಲ್ಲ ಕತ್ತಲೆ, ಶಿಳ್ಳೆ. ಬೆಳಕಿಗೆ ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ತುದಿಯ ನಡುವೆ ಉರಿಯುವ ಕಿಡಿಯೇ ಪರದೆಯ ಮೇಲಿನ ಮಧುಬಾಲಾ, ದಿಲೀಪ್ ಕುಮಾರ್. ಕಡ್ಡಿ ಸವೆದಂತೆ ಆಪರೇಟರ್ ಅದನ್ನು ಮುಂದೆ ಸರಿಸುತ್ತಲೇ ಇರಬೇಕು, ಮರೆತರೆ ದೃಶ್ಯ ಮಂಕು. ಒಂದೇ ಪ್ರಿಂಟು ದೊಡ್ಡ ಪಟ್ಟಣದಲ್ಲಿ ಓಡಿ, ಜಿಲ್ಲಾ ಕೇಂದ್ರದಲ್ಲಿ ಓಡಿ, ಆಮೇಲೆ ತಗಡಿನ ಪೆಟ್ಟಿಗೆಯಲ್ಲಿ ಸಣ್ಣ ಊರಿಗೆ ಬರುವ ಹೊತ್ತಿಗೆ ಅದರ ಮೈತುಂಬ ಗೀರು. ಮುಂಬೈಯವರು ಕಳೆದ ವರ್ಷ ನೋಡಿದ ಸಿನಿಮಾವನ್ನು ಬೀಳಗಿ, ಮುಧೋಳದಂಥ ಊರುಗಳವರು ಈ ವರ್ಷ ನೋಡಿದರು. ಅದರಿಂದ ಯಾರ ಕಣ್ಣೀರೂ ಕಡಿಮೆಯಾಗಲಿಲ್ಲ.

ರಬಕವಿ-ಬನಹಟ್ಟಿಯದು ನೇಕಾರರ ಊರು. ಹಗಲೂ ರಾತ್ರಿ ಮಗ್ಗದ ಸದ್ದು. ನೇಕಾರನ ಕಾಲ ವಾರದ ಬಟವಾಡೆಯ ಲೆಕ್ಕದಲ್ಲಿ ನಡೆಯುತ್ತದೆ, ಕೈಯಲ್ಲಿ ದುಡ್ಡು ಬಂದ ದಿನವೇ ಅವನ ಹಬ್ಬ. ಜಮಖಂಡಿ, ಮುಧೋಳದಲ್ಲಿ ಕಬ್ಬು, ಬೆಲ್ಲದ ಗಾಣ. ಅಲ್ಲಿ ಸುಗ್ಗಿಯ ಲೆಕ್ಕ. ಇಂಥ ಊರುಗಳಲ್ಲಿ ಟಾಕೀಸಿನ ಬಾಗಿಲು ತುಂಬುವುದೂ ಖಾಲಿಯಾಗುವುದೂ ಬಟವಾಡೆ, ಸಂತೆ, ಸುಗ್ಗಿಯನ್ನು ಅನುಸರಿಸಿಯೇ. ನಮ್ಮ ಕಡೆ ದಕ್ಕೆಯಲ್ಲಿ ಮೀನು ಬಿದ್ದ ದಿನ ಪೇಟೆ ತುಂಬುವ ಹಾಗೆ.

ಪರದೆಯ ಎರಡು ಅರ್ಥ

ಕನ್ನಡದಲ್ಲಿ ‘ಪರದೆ’ ಎಂದರೆ ಸಿನಿಮಾದ ತೆರೆಯೂ ಹೌದು, ಹೆಂಗಸರ ಮರೆಯೂ ಹೌದು. ಹಳೆಯ ಡೇರೆಗಳಲ್ಲಿ ಈ ಎರಡೂ ಪರದೆ ಒಟ್ಟಿಗೇ ಇದ್ದವು. ಎದುರಿಗೊಂದು ಬಿಳಿ ಪರದೆ, ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಇನ್ನೊಂದು. ಟಾಕೀಸು ಕಟ್ಟಿದ ಮೇಲೂ ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಸಾಲು. ಕೆಲವು ಊರುಗಳಲ್ಲಿ ಹೆಂಗಸರಿಗಾಗಿಯೇ ‘ಜನಾನಾ ಶೋ’. ಬುರ್ಖಾ ಹಾಕಿದವರು ಮಕ್ಕಳನ್ನು ಸೊಂಟದಲ್ಲಿ ಹೊತ್ತು, ಬುತ್ತಿ ಕಟ್ಟಿಕೊಂಡು ಹೋಗಿ ಕೂರುವುದು ಸಾಧ್ಯವಾದದ್ದು ಇದರಿಂದಲೇ. ಮದುವೆ ಮನೆ, ಮಯ್ಯತ್ತಿನ ಮನೆ ಬಿಟ್ಟರೆ ಹೆಂಗಸರು ಹತ್ತು ಮಂದಿ ಒಟ್ಟು ಸೇರಲು ಬೇರೆ ಜಾಗ ಎಲ್ಲಿತ್ತು?

ಬಾಗಲಕೋಟೆ ಕಡೆಯ ಮುಸ್ಲಿಂ ಮನೆಗಳಲ್ಲಿ ಆಡುವುದು ದಖನಿ, ಪೇಟೆಯಲ್ಲಿ ಕನ್ನಡ. ಹಾಗಾಗಿ ಹಿಂದಿ ಸಿನಿಮಾದ ಮಾತು ಅವರಿಗೆ ಮನೆಯ ಮಾತಿನಂತೆಯೇ ಕೇಳಿಸಿತು. ‘ಚೌದ್ವೀ ಕಾ ಚಾಂದ್’, ‘ಮೇರೆ ಮೆಹಬೂಬ್’, ‘ಪಾಕೀಝಾ’ದಂಥ ಚಿತ್ರಗಳಲ್ಲಿ ಸಲಾಂ, ನಿಕಾಹ್, ಕವ್ವಾಲಿ ಎಲ್ಲ ಪರದೆಯ ಮೇಲೆಯೇ ಬಂದವು. ಅವು ಲಕ್ನೋದ ನವಾಬರ ಕಥೆ, ಮುಧೋಳದ ಬಡ ಮುಸ್ಲಿಮನ ಕಥೆ ಅಲ್ಲ, ಅದೂ ನಿಜ. ಆದರೂ ನಮ್ಮ ಹೆಸರಿನವರು ಅಲ್ಲಿ ನಾಯಕ-ನಾಯಕಿ ಆಗಿದ್ದರಲ್ಲ! 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಾಗ ಮಾತ್ರ ಉತ್ತರ ಕರ್ನಾಟಕದ ಮಣ್ಣಿನ ಮುಸ್ಲಿಮನೊಬ್ಬ ಕನ್ನಡದಲ್ಲೇ, ತನ್ನ ಊರಿನ ದನಿಯಲ್ಲೇ ಪರದೆಗೆ ಬಂದ.

ನಮ್ಮ ಕರಾವಳಿಯಲ್ಲಿ ಮನೆಯ ಮಾತು ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಮಗೆ ಹಿಂದಿ ಕಲಿಸಿದ್ದು ಬಹುಪಾಲು ಟಾಕೀಸು ಮತ್ತು ರೇಡಿಯೋ. ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಕೇಳದ ಹಿರಿಯರು ಎಷ್ಟು ಮಂದಿ ಇದ್ದಾರೆ, ಹೇಳಿ?

ದರ್ಜಿ ಎಂದು ಹೇಳಿ ಮದುವೆ

ಮುಚ್ಚಿಡುವುದು ನಮ್ಮ ಮನೆಗಳ ರೋಗ ಮಾತ್ರ ಅಲ್ಲ. 1944ರ ‘ರತನ್’ ಚಿತ್ರದ ಹಾಡುಗಳು ಊರೂರು ಸುತ್ತಿದವು, ಅದರಲ್ಲೂ ಅಮೀರ್‌ಬಾಯಿಯವರ ದನಿ ಇತ್ತು. ಸಂಗೀತ ನೌಷಾದರದ್ದು. ಅವರೇ ಮುಂದೆ ಹಲವು ಸಲ ಹೇಳಿಕೊಂಡ ಕಥೆ ಇದು. ಅವರ ಮದುವೆಗೆ ಹೆಣ್ಣಿನ ಮನೆಯವರಿಗೆ ‘ಹುಡುಗ ಬೊಂಬಾಯಿಯಲ್ಲಿ ದರ್ಜಿ’ ಎಂದು ಹೇಳಲಾಗಿತ್ತು. ಸಿನಿಮಾದಲ್ಲಿ ಸಂಗೀತ ಮಾಡುವವನಿಗಿಂತ ಬಟ್ಟೆ ಹೊಲಿಯುವವನಿಗೆ ಮರ್ಯಾದೆ ಹೆಚ್ಚು. ಮದುವೆಯ ದಿನ ಬ್ಯಾಂಡಿನವರು ನುಡಿಸುತ್ತಿದ್ದದ್ದು ‘ರತನ್’ ಚಿತ್ರದ ಹಾಡುಗಳನ್ನೇ. ಇಂಥ ಹಾಡು ಮಾಡಿದವನು ಸಮಾಜವನ್ನೇ ಕೆಡಿಸುತ್ತಿದ್ದಾನೆ ಎಂದು ಹಿರಿಯರು ಗೊಣಗುತ್ತಿದ್ದರೆ, ಅದನ್ನು ಮಾಡಿದ ಮದುಮಗ ತಲೆತಗ್ಗಿಸಿ ಸುಮ್ಮನೆ ಕೂತಿದ್ದ!

ಈ ಕಥೆ ಓದಿದಾಗ ನಮಗೆ ನಮ್ಮ ಮನೆಯ ಮಾಮಿಯೊಬ್ಬರ ನೆನಪಾಯಿತು. ಹೊಲಿಗೆ ಕ್ಲಾಸಿಗೆ ಎಂದು ಹೊರಟು, ಮ್ಯಾಟಿನಿ ನೋಡಿ ಬರುತ್ತಿದ್ದವರು. ಅರ್ಧ ಹರಿದ ಟಿಕೆಟುಗಳನ್ನು ನೂಲಿನ ಉಂಡೆಗಳ ಅಡಿಯಲ್ಲಿ, ಬಿಸ್ಕೆಟಿನ ಡಬ್ಬಿಯೊಳಗೆ ಇಟ್ಟಿದ್ದರು. ಅವರು ತೀರಿಹೋದ ಮೇಲೆ ಡಬ್ಬಿ ತೆರೆದಾಗ ಸಿಕ್ಕಿದವು. ಯಾವ ಸಿನಿಮಾ, ಯಾರ ಜೊತೆ ಹೋಗಿದ್ದರು, ಯಾವ ಹಾಡಿಗೆ ಅತ್ತಿದ್ದರು, ಕೇಳಲು ಅವರೇ ಇಲ್ಲ. ಬದುಕಿದ್ದಾಗ ನಾವು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಒಂದು ಕಡೆ ದರ್ಜಿ ಎಂದು ಹೇಳಿ ಮದುವೆಯಾದ ಸಂಗೀತಗಾರ, ಇನ್ನೊಂದು ಕಡೆ ಹೊಲಿಗೆ ಎಂದು ಹೇಳಿ ಆ ಸಂಗೀತ ಕೇಳಲು ಹೋದ ಹುಡುಗಿ. ಇಬ್ಬರ ಸುಳ್ಳೂ ಒಂದೇ ಸೂಜಿಯದ್ದು.

ಬಾಗಿಲು ಮುಚ್ಚಿದ ಬಗೆ

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದ ಮೇಲೆ ಭಾನುವಾರದ ಬೆಳಗ್ಗೆ ಬೀದಿಗಳೇ ಖಾಲಿ. ಆಮೇಲೆ ವೀಡಿಯೊ ಪಾರ್ಲರ್, ಕೇಬಲ್, ಡಿಷ್, ಈಗ ಕೈಯಲ್ಲಿ ಮೊಬೈಲ್. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಸೇರಿತು, ಗಲ್ಫ್. ದುಬೈ, ಸೌದಿಯಿಂದ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಕಂಬಳಿಯ ಜೊತೆ ವಿಸಿಆರ್ ಇಳಿಯಿತು. ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ, ಬಾಗಿಲು ಹಾಕಿ, ರಾತ್ರಿಯಲ್ಲಿ ಎರಡೆರಡು ಸಿನಿಮಾ ನೋಡುವುದು. ಹೆಂಗಸರಿಗೆ ಹೊರಗೆ ಹೋಗುವ ಕಷ್ಟ ತಪ್ಪಿತು ಎಂದು ಆಗ ಅನಿಸಿತು. ಜೊತೆಗೇ ಹೊರಗೆ ಹೋಗುವ ಒಂದು ದಾರಿಯೂ ಹೋಯಿತು ಎಂದು ಅರ್ಥವಾದದ್ದು ತಡವಾಗಿ.

ಕಾರ್ಬನ್ ಕಡ್ಡಿ, ರೀಲಿನ ಪೆಟ್ಟಿಗೆ ಎರಡೂ ಡಿಜಿಟಲ್ ಬಂದ ಮೇಲೆ ಗುಜರಿಗೆ ಹೋದವು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ದೇಶದ ಟಾಕೀಸುಗಳೆಲ್ಲ ಒಂದೇ ಸಲ ಮುಚ್ಚಿದವು. ತಿಂಗಳುಗಳ ನಂತರ ಅನುಮತಿ ಸಿಕ್ಕಿದರೂ ಒಂಟಿ ಪರದೆಯ ಎಷ್ಟೋ ಟಾಕೀಸುಗಳು ಮತ್ತೆ ಬಾಗಿಲು ತೆಗೆಯಲಿಲ್ಲ. ಊರ ನಡುವಿನ ಜಾಗಕ್ಕೆ ಬೆಲೆ ಬಂದಿದೆ, ಸಿನಿಮಾಕ್ಕಿಂತ ಕಾಂಪ್ಲೆಕ್ಸಿನ ಬಾಡಿಗೆ ಲಾಭ. ಮಾಲಕರನ್ನು ದೂರಿ ಪ್ರಯೋಜನವಿಲ್ಲ.

ನಮ್ಮದೇ ಭಾಷೆ ಪರದೆಗೆ ಬಂದಾಗ

2011ರಲ್ಲಿ ಸುವೀರನ್ ನಿರ್ದೇಶನದ ‘ಬ್ಯಾರಿ’ ಚಿತ್ರ ಬಂತು. ನಮ್ಮ ಭಾಷೆಯ ಮೊದಲ ಸಿನಿಮಾ. ಆ ವರ್ಷದ ಅತ್ಯುತ್ತಮ ಚಲನಚಿತ್ರ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಲಿಪಿಯೂ ಇಲ್ಲದ ಭಾಷೆ ಎಂದು ಹೀಗಳೆದವರ ಮುಂದೆ ನಮ್ಮ ಉಮ್ಮಂದಿರ ಮಾತು ದೆಹಲಿಯವರೆಗೆ ಹೋಯಿತು. ಆದರೆ ಆ ಮಾತನ್ನು ದಿನಾ ಆಡುವ ನಮ್ಮ ಉಮ್ಮಂದಿರಲ್ಲಿ ಎಷ್ಟು ಮಂದಿ ಅದನ್ನು ಟಾಕೀಸಿನಲ್ಲಿ ಕೂತು ನೋಡಿದರು? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು.

ಬೀಳಗಿಯ ಅಮೀರ್‌ಬಾಯಿಯವರ ಕಥೆ ಉಳಿದದ್ದು ಅವರ ತಟ್ಟೆಗಳು ಉಳಿದದ್ದರಿಂದ, ಒಬ್ಬ ಲೇಖಕರು ಊರೂರು ಹುಡುಕಿ ಬರೆದದ್ದರಿಂದ. ಅವರ ಹಾಡು ಕೇಳಲು ಟಿಕೆಟ್ ತೆಗೆದ ಜಮಖಂಡಿ, ಬನಹಟ್ಟಿಯ ಹೆಂಗಸರ ಕಥೆ ಯಾರೂ ಬರೆಯಲಿಲ್ಲ. ನಮ್ಮ ಬಂದರು, ಉಳ್ಳಾಲ, ಬಂಟ್ವಾಳ, ಪುತ್ತೂರಿನ ಹೆಂಗಸರದ್ದೂ ಅಷ್ಟೇ. ಆಪರೇಟರ್ ಆಗಿದ್ದವರು, ಗೇಟಿನಲ್ಲಿ ಟಿಕೆಟ್ ಹರಿದವರು, ಇಂಟರ್‌ವಲ್‌ನಲ್ಲಿ ಕಡ್ಲೆ, ಸೋಡಾ ಮಾರಿದವರು ನಮ್ಮವರಲ್ಲೂ ಇದ್ದಾರೆ. ಅವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಈ ವಾರ ಮನೆಯಲ್ಲಿರುವ ಹಿರಿಯರ ಹತ್ತಿರ ಹತ್ತು ನಿಮಿಷ ಕೂತುಕೊಳ್ಳಿ. ‘ಯಾವ ಟಾಕೀಸು, ಯಾವ ಸಿನಿಮಾ, ಯಾರ ಜೊತೆ?’ ಎಂದು ಕೇಳಿ. ಮೊದಲು ‘ನಾವೆಲ್ಲಾ ಹೋಗ್ತಿರ್ಲಿಲ್ಲ’ ಎಂದೇ ಹೇಳುತ್ತಾರೆ. ಎದ್ದು ಬರಬೇಡಿ. ಇನ್ನೊಂದು ಚಾ ಮಾಡಿ ತನ್ನಿ.